ಶಿಕಾಗೊದ ಹಳೇ ಎತ್ತರದ ಕಟ್ಟಡಗಳು: ಒಂದೇ ದಿನ ಇದ್ದರೆ ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು?

ಬೇಸಿಗೆ ಬಂತೆಂದರೆ ಶಿಕಾಗೊ ಕಡೆಯ ಕನ್ನಡದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಬೀನ್ ಅನ್ನೋ ಹೊಳೆಯುವ ಉಕ್ಕಿನ ಶಿಲ್ಪದ ಮುಂದೆ ಫೋಟೊ ಆಯ್ತು, ವಿಲಿಸ್ ಟವರ್‌ನ ಗಾಜಿನ ನೆಲದ ಮೇಲೆ ನಿಂತು ಹೆದರಿದ್ದೂ ಆಯ್ತು, ಈಗ ಹಳೇ ಕಾಲದ ಎತ್ತರದ ಕಟ್ಟಡಗಳನ್ನು ತೋರಿಸು ಅನ್ನುತ್ತಿದ್ದಾರೆ. ಹುಡುಕಿದರೆ ಹತ್ತಾರು ಹೆಸರು ಬರುತ್ತವೆ, ಇರುವುದು ಒಂದು ದಿನ. ಯಾವುದಕ್ಕೆ ಕರೆದುಕೊಂಡು ಹೋಗುವುದು?

ನಾನು ಮೊದಲು ತಿರುಗಿ ಕೇಳುವುದು, ಯಾವ ವಾರ ಹೋಗುತ್ತೀರಿ ಅಂತ. ಮಂಗಳವಾರ, ಬುಧವಾರ ಅಂದರೆ ನನ್ನ ಉತ್ತರ ಒಂದು, ಭಾನುವಾರ ಅಂದರೆ ಪೂರ್ತಿ ಬೇರೆ. ಯಾಕಂದರೆ ಇವುಗಳಲ್ಲಿ ಒಳ್ಳೊಳ್ಳೆಯವು ಇವತ್ತಿಗೂ ಆಫೀಸುಗಳೇ. ಕೆಲಸದ ದಿನ ಬಾಗಿಲು ತೆರೆದಿರುತ್ತದೆ, ಲಾಬಿಗೆ ಹೋಗಿ ನೋಡಿಕೊಂಡು ಬರಬಹುದು. ಭಾನುವಾರ ಹೋದರೆ ಬೀಗ ನೋಡಿಕೊಂಡು ಬರಬೇಕು. ಪಟ್ಟಿ ಮಾಡಿಕೊಡುವವರು ಈ ಮಾತನ್ನು ಹೇಳುವುದೇ ಇಲ್ಲ.

ಇನ್ನೊಂದು ಮಾತು. ಎತ್ತರ ನೋಡಬೇಕೆಂದು ಇಲ್ಲಿಗೆ ಹೋಗಬೇಡಿ. ಒಂದು ಕಾಲಕ್ಕೆ ಜನ ಬಾಯಿ ಬಿಟ್ಟು ನೋಡುತ್ತಿದ್ದ ಮೊನಾಡ್ನಾಕ್ ಕಟ್ಟಡ 215 ಅಡಿ ಇದೆ ಅಷ್ಟೆ. ಅದರ ಆಸುಪಾಸಿನಲ್ಲೇ ವಿಲಿಸ್ ಟವರ್ 1,450 ಅಡಿ ಎದ್ದು ನಿಂತಿದೆ. ಈಗ ಇವುಗಳ ಸೊಗಸು ಇರುವುದು ಬುಡದಲ್ಲಿ ಮತ್ತು ಬಾಗಿಲ ಒಳಗೆ. ಆದ್ದರಿಂದ ಯಾವುದು ದೊಡ್ಡದು ಅಂತ ಅಲ್ಲ, ಯಾವುದರ ಬಾಗಿಲು ನಿಮಗೆ ತೆರೆಯುತ್ತದೆ ಅಂತ ನೋಡಿ ಆರಿಸಿಕೊಳ್ಳಿ.

ಹಾಗಾಗಿ ನನ್ನ ಮೊದಲ ಅಳತೆಗೋಲು ವಾರ, ಹೊತ್ತು. ಆಮೇಲೆ ದುಡ್ಡು: ಸುಮ್ನೆ ಒಳಗೆ ಬಿಡುತ್ತಾರಾ, ಟೂರ್ ಟಿಕೆಟ್ ಬೇಕಾ? ಮೂರನೆಯದು ಕಾಲು. ಅಮ್ಮನ ಮಂಡಿ ನೋವು, ಮಕ್ಕಳ ಸ್ಟ್ರಾಲರ್, ಮಿಷಿಗನ್ ಸರೋವರದ ಕಡೆಯಿಂದ ಬೀಸುವ ಗಾಳಿ, ಇವನ್ನು ಲೆಕ್ಕಕ್ಕೆ ಹಿಡಿಯದೆ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಎಲ್ಲರ ಮುಖವೂ ಸಪ್ಪೆ. ಕೊನೆಯದು, ಬಂದವರಿಗೆ ಏನು ಇಷ್ಟ ಅನ್ನೋದು. ಪಿಡಬ್ಲ್ಯುಡಿಯಲ್ಲಿದ್ದು ರಿಟೈರ್ ಆದ ಮಾವನಿಗೆ ಬೇಕಾದದ್ದೇ ಬೇರೆ, ಹತ್ತನೇ ಕ್ಲಾಸಿನ ಹುಡುಗಿಯ ಇನ್‌ಸ್ಟಾಗ್ರಾಮಿಗೆ ಬೇಕಾದದ್ದೇ ಬೇರೆ.

ಸ್ವಲ್ಪ ಹಿನ್ನೆಲೆ ಗೊತ್ತಿದ್ದರೆ ನೋಡುವುದು ಸಲೀಸು. 1871ರ ಅಕ್ಟೋಬರಿನಲ್ಲಿ ಬೆಂಕಿ ಬಿದ್ದು ಊರಿನ ನಡುಭಾಗ ಸುಟ್ಟು ಬೂದಿಯಾಯಿತು, ಸುಮಾರು ಒಂದು ಲಕ್ಷ ಜನ ಮನೆ ಕಳೆದುಕೊಂಡರು. ಮತ್ತೆ ಕಟ್ಟಬೇಕಿತ್ತು. ಒಂದು ಕಡೆ ಸರೋವರ, ಒಂದು ಕಡೆ ನದಿ, ಇನ್ನೊಂದು ಕಡೆ ರೈಲು ಹಳಿ, ನಡುವೆ ಸಿಕ್ಕಿಕೊಂಡ ಜಾಗಕ್ಕೆ ಬೆಲೆ ಏರುತ್ತಲೇ ಹೋಯಿತು. ಬೀಳದ ಹಾಗೆ ತಡೆಯುವ ಲಿಫ್ಟ್ ಅಷ್ಟು ಹೊತ್ತಿಗೆ ಬಂದಿತ್ತು, ಹಾಗಾಗಿ ಮೇಲಿನ ಮಹಡಿಗೂ ಒಳ್ಳೆ ಬಾಡಿಗೆ ಸಿಗುವ ಹಾಗಾಯಿತು. 1885ರಲ್ಲಿ ವಿಲಿಯಂ ಲೆ ಬ್ಯಾರನ್ ಜೆನ್ನಿ ಕಟ್ಟಿದ ಹೋಮ್ ಇನ್ಶೂರೆನ್ಸ್ ಬಿಲ್ಡಿಂಗನ್ನು ಜಗತ್ತಿನ ಮೊದಲ ಸ್ಕೈಸ್ಕ್ರೇಪರ್ ಎಂದು ಹಲವರು ಕರೆಯುತ್ತಾರೆ. ಅದನ್ನು ಹುಡುಕಿಕೊಂಡು ಹೋಗಬೇಡಿ. 1931ರಲ್ಲೇ ಕೆಡವಿ ಹಾಕಿದ್ದಾರೆ.

ಈಗ ಒಂದೊಂದಾಗಿ ನೋಡೋಣ.

ಮೊನಾಡ್ನಾಕ್ ನನ್ನ ಪಕ್ಷಪಾತ, ಮೊದಲೇ ಹೇಳಿಬಿಡುತ್ತೇನೆ. ಡಿಯರ್‌ಬಾರ್ನ್ ಮತ್ತು ಜಾಕ್ಸನ್ ರಸ್ತೆ ಸೇರುವಲ್ಲಿದೆ, ಊರೊಳಗಿನ ರೈಲು ಬ್ಲೂ ಲೈನಿನ ಜಾಕ್ಸನ್ ಸ್ಟೇಷನ್‌ನಲ್ಲಿ ಇಳಿದರೆ ಪಕ್ಕದಲ್ಲೇ. ನಮ್ಮಲ್ಲಿ ಮನೆ ಕಟ್ಟಿಸುವಾಗ ಮೇಸ್ತ್ರಿ ಕೇಳುವುದಿಲ್ಲವಾ, ಪಿಲ್ಲರ್ ಹಾಕೋದಾ ಇಲ್ಲ ಲೋಡ್ ಬೇರಿಂಗಾ ಅಂತ? ಆ ಪ್ರಶ್ನೆಗೆ ಎರಡೂ ಉತ್ತರ ಒಂದೇ ಕಟ್ಟಡದಲ್ಲಿ ಬೇಕೆಂದರೆ ಇಲ್ಲಿಗೆ ಬನ್ನಿ. ಉತ್ತರದ ಅರ್ಧ 1891ರದು, ಬರ್ನ್‌ಹ್ಯಾಮ್ ಮತ್ತು ರೂಟ್ ಅನ್ನೋ ವಾಸ್ತುಶಿಲ್ಪಿಗಳದು, 16 ಮಹಡಿಯ ಭಾರವನ್ನೂ ಹೊರಗಿನ ಇಟ್ಟಿಗೆ ಗೋಡೆಯೇ ಹೊತ್ತಿದೆ. ಅಷ್ಟು ಹೊರಬೇಕೆಂದರೆ ಬುಡದಲ್ಲಿ ಗೋಡೆ ಆರು ಅಡಿ ದಪ್ಪ ಬೇಕಾಯಿತು. ಕೆಳಗಿನ ಅಂಗಡಿಯ ಕಿಟಕಿ ಪಕ್ಕ ನಿಂತು ನೋಡಿ, ಗಾಜು ಎಷ್ಟೋ ಒಳಗಿದೆ, ದೊಡ್ಡವರೊಬ್ಬರು ಆ ಸಂದಿನಲ್ಲಿ ಆರಾಮಾಗಿ ಕಾಲು ಚಾಚಿ ಕೂರಬಹುದು. ದಕ್ಷಿಣದ ಅರ್ಧ 1893ರದು, ಹೊಲಬರ್ಡ್ ಮತ್ತು ರೋಷ್ ಅವರದು. ಅಲ್ಲಿ ಉಕ್ಕಿನ ಚೌಕಟ್ಟು ಭಾರ ಹೊರುತ್ತದೆ, ಗೋಡೆ ಬರೀ ಹೊದಿಕೆ, ಹಾಗಾಗಿ ತೆಳ್ಳಗೆ. ಖರ್ಚು ಕಡಿಮೆ, ಬಾಡಿಗೆಗೆ ಕೊಡೋಕೆ ಸಿಕ್ಕ ಜಾಗ ಜಾಸ್ತಿ. ಎರಡೇ ವರ್ಷದ ಅಂತರದಲ್ಲಿ ಇಟ್ಟಿಗೆ ಸೋತು ಉಕ್ಕು ಗೆದ್ದದ್ದನ್ನು ಹೀಗೆ ಒಂದೇ ಗೋಡೆಯಲ್ಲಿ ತೋರಿಸುವ ಇನ್ನೊಂದು ಕಟ್ಟಡ ನನಗೆ ಗೊತ್ತಿಲ್ಲ.

ಉತ್ತರದ ಭಾಗದಲ್ಲಿ ಚಿತ್ತಾರ, ಕಂಬ, ಸಿಂಹದ ಮುಖ ಏನೂ ಇಲ್ಲ. ಮಾಲೀಕರು ಬಾಸ್ಟನ್‌ನ ಬ್ರೂಕ್ಸ್ ಸಹೋದರರು, ಕೈ ಬಿಗಿ, ಅಲಂಕಾರಕ್ಕೆ ದುಡ್ಡು ಹಾಕುವವರಲ್ಲ. ಜಾನ್ ರೂಟ್ ಆ ಜಿಪುಣತನವನ್ನೇ ಚೆಂದ ಮಾಡಿಬಿಟ್ಟರು. ಬುಡದಲ್ಲಿ ಗೋಡೆ ಹೊರಗೆ ಚಾಚಿ, ಮೇಲೆ ಹೋಗುತ್ತಾ ಒಳಗೆ ಬಾಗಿ, ತುದಿಯಲ್ಲಿ ಮತ್ತೆ ಸ್ವಲ್ಪ ಹೊರಗೆ ಅರಳುತ್ತದೆ. ಪಾಪ, ಕಟ್ಟಡ ಮುಗಿಯುವ ಮುಂಚೆಯೇ, 1891ರ ಜನವರಿಯಲ್ಲಿ, ನ್ಯುಮೋನಿಯಾ ಬಂದು ತೀರಿಕೊಂಡರು. ವಯಸ್ಸು 41. ಒಳಗೆ ಉದ್ದನೆಯ ಓಣಿ, ಎರಡೂ ಕಡೆ ಸಣ್ಣ ಅಂಗಡಿಗಳು, ಅಲ್ಯೂಮಿನಿಯಂ ಮೆಟ್ಟಿಲು. ಆ ಕಾಲಕ್ಕೆ ಕಟ್ಟಡಕ್ಕೆ ಅಲ್ಯೂಮಿನಿಯಂ ಬಳಸುವುದು ದೊಡ್ಡ ಹೊಸತನ. ಒಳಗೆ ಹೋಗುವಾಗ ಅಮ್ಮನ ಕೈ ಹಿಡಿದುಕೊಳ್ಳಿ, ಬಾಗಿಲಲ್ಲಿ ಮೆಟ್ಟಿಲು ಕೆಳಕ್ಕೆ ಇಳಿಯುತ್ತದೆ. ಶಿಕಾಗೊದ ಮಣ್ಣು ಮೆತ್ತನೆ ಜೇಡಿ, ಈ ಇಟ್ಟಿಗೆ ರಾಶಿಯ ಭಾರಕ್ಕೆ ಕಟ್ಟಡ 20 ಇಂಚಿನಷ್ಟು ಕುಸಿದು ಕೂತಿದೆ. ಕುಸಿಯುತ್ತದೆ ಅಂತ ಮೊದಲೇ ಅಂದಾಜು ಮಾಡಿ 8 ಇಂಚು ಬಿಟ್ಟುಕೊಂಡಿದ್ದರು, ಅದು ಸಾಲಲಿಲ್ಲ.

ಖರ್ಚು ಸೊನ್ನೆ, ಕೆಲಸದ ದಿನ ಹೋಗಬೇಕು. ಆದರೆ ನಿಜ ಹೇಳಬೇಕೆಂದರೆ ಎಲ್ಲರಿಗೂ ಇದು ಹಿಡಿಸುವುದಿಲ್ಲ. ಫೋಟೊ ಹುಚ್ಚಿನವರು ಕಂದು ಬಣ್ಣದ ಗೋಡೆ ನೋಡಿ, ಇಷ್ಟೇನಾ ಅನ್ನುತ್ತಾರೆ.

ಅವರಿಗೆ ರೂಕರಿ. ಲಾಸಾಲ್ ಮತ್ತು ಆಡಮ್ಸ್ ರಸ್ತೆ ಸೇರುವಲ್ಲಿದೆ, 1888ರದು, ಇದೂ ಬರ್ನ್‌ಹ್ಯಾಮ್ ಮತ್ತು ರೂಟ್ ಅವರದೇ. ಹೊರಗಿನಿಂದ ಕೆಂಪಗೆ, ಭಾರವಾಗಿ, ಕೋಟೆ ಬಾಗಿಲಿನ ಹಾಗೆ ಕಾಣುತ್ತದೆ. ಒಳಗೆ ಹೋದರೆ ಗಾಜಿನ ಸೂರಿನ ಕೆಳಗೆ ಬೆಳಕು ತುಂಬಿದ ಅಂಗಳ. 1905ರಲ್ಲಿ ಹೆಸರಾಂತ ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ಇದನ್ನು ಹೊಸದು ಮಾಡುವ ಕೆಲಸ ಹಿಡಿದು, ಕಂಬಗಳಿಗೆಲ್ಲ ಬಿಳಿ ಅಮೃತಶಿಲೆ ಹೊದಿಸಿ, ಅದರಲ್ಲಿ ಗೆರೆ ಕೊರೆದು ಚಿನ್ನದ ರೇಕು ತುಂಬಿಸಿದರು. ಫೋಟೊದಲ್ಲಿ ಎಲ್ಲರೂ ಹಿಡಿಯುವುದು ಆ ಚಿನ್ನದ ಗೆರೆ ಮತ್ತು ಸುತ್ತಿಕೊಂಡು ಮೇಲೇರುವ ಮೆಟ್ಟಿಲು. ನೀವು ಇನ್ನೊಂದನ್ನು ಹುಡುಕಿ. ಒಂದು ಕಂಬದಲ್ಲಿ ರೈಟ್ ಹಾಕಿದ ಅಮೃತಶಿಲೆಯನ್ನು ಒಂದಿಷ್ಟು ತೆರೆದು ಬಿಟ್ಟಿದ್ದಾರೆ, ಒಳಗೆ ರೂಟ್ ಮಾಡಿಸಿದ್ದ ಮೂಲ ಕಬ್ಬಿಣದ ಕಂಬ, ಅದರ ಚಿತ್ತಾರ ಸಮೇತ ಕಾಣುತ್ತದೆ. ಮೊದಲು ಕೆಲಸ ಮಾಡಿದವರು ಯಾರು, ಮೇಲೆ ಬಟ್ಟೆ ತೊಡಿಸಿದವರು ಯಾರು ಅಂತ ಅಲ್ಲೇ ತಿಳಿಯುತ್ತದೆ. ನನ್ನನ್ನು ಕೇಳಿದರೆ ರೂಟ್ ಕೆಲಸವೇ ಹೆಚ್ಚು ಗಟ್ಟಿ, ಹೆಸರು ಮಾತ್ರ ರೈಟ್‌ಗೆ ಹೋಯಿತು.

ಪಾಯದ ಕಥೆಯೂ ಇಲ್ಲಿ ಚೆನ್ನಾಗಿದೆ. ಗಟ್ಟಿ ಬಂಡೆ ತುಂಬಾ ಆಳದಲ್ಲಿದೆ, ಅಲ್ಲಿಯವರೆಗೆ ಅಗೆಯುವ ಬದಲು ರೂಟ್ ರೈಲು ಕಂಬಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಜೋಡಿಸಿ ಕಾಂಕ್ರೀಟ್ ತುಂಬಿಸಿ ಅಗಲವಾದ ಹಾಸು ಮಾಡಿದರು. ಜೇಡಿಮಣ್ಣಿನ ಮೇಲೆ ಕಟ್ಟಡ ತೇಲಿದ ಹಾಗೆ ಕೂತಿದೆ. ಮಾವನಿಗೆ ಇದನ್ನು ಮಾತ್ರ ಮರೆಯದೆ ಹೇಳಿ.

ಕೆಲಸದ ದಿನ ಕೆಳಗಿನ ಲಾಬಿ ನೋಡಲು ದುಡ್ಡು ಬೇಡ. ಮೆಟ್ಟಿಲು ಹತ್ತಿ ಮೇಲೆ ಹೋಗಬೇಕೆಂದರೆ ದುಡ್ಡು ಕೊಟ್ಟು ಟೂರ್ ತಗೊಳ್ಳಬೇಕು. ಬೇಕಾ? ಕಟ್ಟಡಗಳಲ್ಲಿ ಆಸಕ್ತಿ ಇದ್ದವರಿಗೆ ಬೇಕು. ಮೇಲಿನಿಂದ ಆ ಮೆಟ್ಟಿಲ ಸುರುಳಿ ನೋಡುವುದೇ ಬೇರೆ. ಸುಮ್ನೆ ಸುತ್ತಾಡಲು ಬಂದವರಿಗೆ ಕೆಳಗಿನದೇ ಸಾಕು, ಆ ದುಡ್ಡಿಗೆ ಊಟ ಮಾಡಿ.

ಮಾರ್ಕೆಟ್ ಬಿಲ್ಡಿಂಗ್ ಹೆಸರು ಕೇಳಿ ಸಂತೆ ಅಂದುಕೊಳ್ಳಬೇಡಿ, ಈ ಭಾಗಕ್ಕೆ ಬಂದ ಫ್ರೆಂಚ್ ಪಾದ್ರಿ ಜಾಕ್ ಮಾರ್ಕೆಟ್ ಹೆಸರಿನದು. ಡಿಯರ್‌ಬಾರ್ನ್ ಮತ್ತು ಆಡಮ್ಸ್ ಸೇರುವಲ್ಲಿ, 1895ರದು, ಹೊಲಬರ್ಡ್ ಮತ್ತು ರೋಷ್ ಅವರದು. ಹೊರಗಿನಿಂದ ದೊಡ್ಡ ದೊಡ್ಡ ಕಿಟಕಿಯ ಆಫೀಸು, ನೂರು ಜನ ದಾಟಿಕೊಂಡು ಹೋದರೆ ಒಬ್ಬರು ತಲೆಯೆತ್ತಿ ನೋಡಿದರೆ ಹೆಚ್ಚು. ಒಳಗೆ ಲಾಬಿಯ ಸುತ್ತ ಟಿಫನಿ ಕಂಪನಿಯ ಮೊಸಾಯಿಕ್, ಬಣ್ಣದ ಗಾಜು, ಕಪ್ಪೆಚಿಪ್ಪಿನ ಹೊಳಪು, ಆ ಪಾದ್ರಿಯ ದೋಣಿಯಾತ್ರೆಯ ಚಿತ್ರಗಳು. ಲಿಫ್ಟ್ ಬಾಗಿಲುಗಳ ಮೇಲೆ ಕಂಚಿನ ತಲೆಗಳಿವೆ. ಅವುಗಳಲ್ಲಿ ಕೆಲವನ್ನು ಮಾಡಿದ ಎಡ್ವರ್ಡ್ ಕೆಮಿಸ್ ಅವರೇ ಆರ್ಟ್ ಇನ್‌ಸ್ಟಿಟ್ಯೂಟ್ ಅನ್ನೋ ಕಲಾ ಮ್ಯೂಸಿಯಂ ಮುಂದಿನ ಎರಡು ಸಿಂಹಗಳನ್ನು ಮಾಡಿದವರು. ಚಿತ್ರದಲ್ಲಿ ಮೂಲನಿವಾಸಿಗಳನ್ನು ತೋರಿಸಿರುವುದು ಬಿಳಿಯರ ಕಣ್ಣಿನಿಂದ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿ. ಹದಿನೈದು ನಿಮಿಷ ಸಾಕು, ದುಡ್ಡಿಲ್ಲ. ನಡೆಯಲು ಆಗದವರನ್ನು ಒಂದೇ ಒಂದು ಕಡೆ ಕರೆದುಕೊಂಡು ಹೋಗುವುದಾದರೆ ಇದೇ ಸರಿ.

ಆಡಿಟೋರಿಯಂ ಬಿಲ್ಡಿಂಗ್ ಬೇರೆ ಜಾತಿಯದು. 1889ರಲ್ಲಿ ಆ್ಯಡ್ಲರ್ ಮತ್ತು ಸಲಿವನ್ ಕಟ್ಟಿದ್ದು, ಒಂದೇ ಕಟ್ಟಡದಲ್ಲಿ ನಾಟಕಶಾಲೆ, ಹೋಟೆಲು, ಆಫೀಸು, ಮೇಲೆ 17 ಅಂತಸ್ತಿನ ಗೋಪುರ. ಯೋಚನೆ ಏನೆಂದರೆ ಹೋಟೆಲು, ಆಫೀಸುಗಳ ಬಾಡಿಗೆಯಲ್ಲಿ ಸಂಗೀತ ನಡೆಯಲಿ ಅಂತ. ನಡೆಯಲಿಲ್ಲ. 1941ರಲ್ಲಿ ಬಾಗಿಲು ಹಾಕಿತು, ಎರಡನೇ ಮಹಾಯುದ್ಧದ ಕಾಲದಲ್ಲಿ ಅಷ್ಟು ದೊಡ್ಡ ರಂಗದ ಮೇಲೆ ಸೈನಿಕರು ಬೌಲಿಂಗ್ ಆಡುತ್ತಿದ್ದರು! ಆಮೇಲೆ ಕಟ್ಟಡ ರೂಸ್‌ವೆಲ್ಟ್ ವಿಶ್ವವಿದ್ಯಾಲಯದ ಕೈಗೆ ಬಂತು, ರಂಗಮಂದಿರ 1967ರಲ್ಲಿ ಮತ್ತೆ ತೆರೆಯಿತು. ಇದರದೂ ಭಾರದ ಕಥೆಯೇ, ಕೆಲವು ಕಡೆ ಎರಡು ಅಡಿಗೂ ಜಾಸ್ತಿ ಕುಸಿದಿದೆ. ತೊಂದರೆ ಏನೆಂದರೆ ನೋಡಬೇಕಾದದ್ದು ರಂಗಮಂದಿರದ ಒಳಗೆ, ಚಿನ್ನದ ಬಣ್ಣದ ಕಮಾನುಗಳು, ಸಾಲು ಸಾಲು ದೀಪ. ಅದಕ್ಕೆ ಟೂರ್ ಇರುವ ದಿನ ಹೋಗಬೇಕು, ಇಲ್ಲವೇ ಯಾವುದಾದರೂ ಕಾರ್ಯಕ್ರಮಕ್ಕೆ ಟಿಕೆಟ್ ತಗೊಳ್ಳಬೇಕು. ಸಂಗೀತ, ನೃತ್ಯ ಇಷ್ಟ ಇದ್ದವರಾದರೆ ಟೂರ್‌ಗಿಂತ ಕಾರ್ಯಕ್ರಮವೇ ಮೇಲು. ಕಟ್ಟಡಕ್ಕೆ ಬೇರೆ ದುಡ್ಡು ಕೊಟ್ಟ ಹಾಗೂ ಆಗುವುದಿಲ್ಲ, ಮೇಲಿನ ಬಾಲ್ಕನಿಯ ಅಗ್ಗದ ಸೀಟಿನಿಂದಲೂ ಇಡೀ ಸಭಾಂಗಣ ಕಾಣುತ್ತದೆ. ಆದರೆ ಮೇಲಕ್ಕೆ ಹತ್ತಬೇಕು, ಮಂಡಿ ನೋವಿದ್ದವರಿಗೆ ಬೇಡ.

ಸ್ಟೇಟ್ ಸ್ಟ್ರೀಟಿನ ರಿಲಯನ್ಸ್ ಬಿಲ್ಡಿಂಗಿಗೂ ನಮ್ಮ ಅಂಬಾನಿಗೂ ಸಂಬಂಧ ಇಲ್ಲ. ಇದನ್ನು ಹೊರಗಿನಿಂದ ನೋಡಿದರೆ ಸಾಕು, 1895ರಲ್ಲಿ ಮುಗಿದದ್ದು, ಬಿಳಿ ಟೆರಾಕೋಟ, ಉಳಿದದ್ದೆಲ್ಲ ಗಾಜು. ಕಟ್ಟಿದ ರೀತಿ ಮಾತ್ರ ತಮಾಷೆ. ಜಾಗದಲ್ಲಿದ್ದ ಹಳೇ ಕಟ್ಟಡದ ಮೇಲಿನ ಮಹಡಿಯ ಬಾಡಿಗೆದಾರರ ಲೀಸು ಇನ್ನೂ ಮುಗಿದಿರಲಿಲ್ಲ, ಅವರು ಬಿಡಲೊಲ್ಲರು. ಸರಿ, ಅವರಿದ್ದ ಮಹಡಿಗಳನ್ನು ಜಾಕ್ ಕೊಟ್ಟು ಹಾಗೇ ನಿಲ್ಲಿಸಿ, ಕೆಳಗೆ ಹೊಸ ಪಾಯ ಹಾಕಿ ನೆಲಮಹಡಿ ಕಟ್ಟಿಬಿಟ್ಟರು. ಲೀಸು ಮುಗಿದ ಮೇಲೆ ಉಳಿದದ್ದು.

ಇಲ್ಲಿಯವರೆಗಿನವು ಹತ್ತೊಂಬತ್ತನೇ ಶತಮಾನದವು. 1920ರ ದಶಕದವು ಬೇಕು, ನಿಜಕ್ಕೂ ತಲೆಯೆತ್ತಿ ನೋಡುವಂಥದ್ದು ಬೇಕು ಅಂದರೆ ಮಿಷಿಗನ್ ಅವೆನ್ಯೂ ಸೇತುವೆ ಹತ್ತಿರ ಹೋಗಿ. ರಿಗ್ಲಿ ಬಿಲ್ಡಿಂಗ್ ಚೂಯಿಂಗ್ ಗಮ್ ದುಡ್ಡಿನಲ್ಲಿ ಎದ್ದದ್ದು. ಒಂದು ಭಾಗ 1921, ಇನ್ನೊಂದು 1924. ಬಿಳಿ ಟೆರಾಕೋಟದಲ್ಲೇ ಆರು ಬಗೆಯ ಬಿಳಿ ಬಳಸಿದ್ದಾರೆ, ಮೇಲೆ ಹೋದಂತೆ ಇನ್ನೂ ಬೆಳ್ಳಗೆ. ಸಂಜೆ ದೀಪ ಹಾಕಿದ ಮೇಲೆ ಹೋದರೆ ಚೆನ್ನ. ಎದುರಿಗೆ ಟ್ರಿಬ್ಯೂನ್ ಟವರ್, 462 ಅಡಿ, 1925ರದು. ಟ್ರಿಬ್ಯೂನ್ ಪತ್ರಿಕೆಯವರು 1922ರಲ್ಲಿ ಜಗತ್ತಿನಲ್ಲೇ ಅತಿ ಚೆಂದದ ಆಫೀಸು ಕಟ್ಟಬೇಕೆಂದು ಸ್ಪರ್ಧೆ ಇಟ್ಟು, ಮೊದಲ ಬಹುಮಾನಕ್ಕೆ 50,000 ಡಾಲರ್ ಕೊಟ್ಟರು. ಗೆದ್ದದ್ದು ಹಳೇ ಚರ್ಚಿನ ಶೈಲಿಯ ನಕ್ಷೆ. ಎರಡನೇ ಬಹುಮಾನ ಪಡೆದ ಎಲಿಯೆಲ್ ಸಾರಿನೆನ್ ನಕ್ಷೆಯನ್ನೇ ಆಮೇಲಿನ ವಾಸ್ತುಶಿಲ್ಪಿಗಳು ಹೆಚ್ಚು ಮೆಚ್ಚಿದರು. ಈಗ ಒಳಗೆ ಫ್ಲ್ಯಾಟುಗಳಾಗಿವೆ, ನಮ್ಮನ್ನು ಬಿಡುವುದಿಲ್ಲ. ಬೇಕಾಗಿಯೂ ಇಲ್ಲ, ಮಕ್ಕಳಿಗೆ ಆಟ ಇರುವುದು ಹೊರಗಿನ ಗೋಡೆಯಲ್ಲೇ. ಬೇರೆ ಬೇರೆ ದೇಶಗಳಿಂದ ತಂದ ನೂರಕ್ಕೂ ಹೆಚ್ಚು ಕಲ್ಲಿನ ಚೂರುಗಳನ್ನು ಗೋಡೆಗೆ ಕೂಡಿಸಿ ಪಕ್ಕದಲ್ಲಿ ಹೆಸರು ಕೆತ್ತಿದ್ದಾರೆ. ತಾಜ್ ಮಹಲಿನದೂ ಒಂದಿದೆ, ಹುಡುಕಲು ಮಕ್ಕಳಿಗೆ ಬಿಡಿ. ಹಾಗೆ ಚೂರು ಕಿತ್ತು ತರುವುದು ಸರಿಯಾ ಅಂತ ಅಪ್ಪ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಅದೇ ರಸ್ತೆಯಲ್ಲಿ ಸ್ವಲ್ಪ ದಕ್ಷಿಣಕ್ಕೆ ಕಡು ಹಸಿರು ಬಣ್ಣದ, ತುದಿಗೆ ಚಿನ್ನದ ರೇಕು ಹೊದ್ದ ಕಾರ್ಬೈಡ್ ಆ್ಯಂಡ್ ಕಾರ್ಬನ್ ಬಿಲ್ಡಿಂಗ್ ಇದೆ, 1929ರದು. ಶ್ಯಾಂಪೇನ್ ಬಾಟಲಿಯ ಹಾಗಿದೆ ಅಂತ ಗೈಡುಗಳು ನಗುತ್ತಾ ಹೇಳುತ್ತಾರೆ. ಹೆಸರಿನಲ್ಲಿರುವುದು ಯೂನಿಯನ್ ಕಾರ್ಬೈಡ್ ಕಂಪನಿ. ಭೋಪಾಲ್ ನೆನಪಿರುವ ನಮಗೆ ಅಷ್ಟು ಹಗುರಾಗಿ ನಗು ಬರುವುದಿಲ್ಲ. ಈಗ ಅದು ಹೋಟೆಲು.

ಧಾನ್ಯ ವಹಿವಾಟಿನ ಕೇಂದ್ರವಾಗಿದ್ದ ಬೋರ್ಡ್ ಆಫ್ ಟ್ರೇಡ್, 1930, 605 ಅಡಿ. ಲಾಸಾಲ್ ರಸ್ತೆಯ ಕೊನೆಗೆ ಅಡ್ಡ ನಿಂತಿದೆ, ರೂಕರಿಗೆ ಬಂದವರು ತಲೆಯೆತ್ತಿದರೆ ಅದೇ ಕಾಣುತ್ತದೆ. ತುದಿಯಲ್ಲಿ ಧಾನ್ಯದೇವತೆ ಸಿರೀಸ್, 31 ಅಡಿಯ ಅಲ್ಯೂಮಿನಿಯಂ ಮೂರ್ತಿ, ಮುಖಕ್ಕೆ ಕಣ್ಣು ಮೂಗು ಇಲ್ಲ. ಅಷ್ಟು ಮೇಲೆ ಯಾರು ನೋಡುತ್ತಾರೆ ಅಂತ ಬಿಟ್ಟರಂತೆ. ಇದಕ್ಕೆ ಅಂತಲೇ ಬರಬೇಕಾಗಿಲ್ಲ, ದಾರಿಯಲ್ಲಿ ಸಿಗುತ್ತದೆ.

ಇನ್ನು ನಿಮ್ಮ ಲೆಕ್ಕಕ್ಕೆ ಬರೋಣ. ಕೆಲಸದ ದಿನ, ದುಡ್ಡು ಖರ್ಚಿಲ್ಲದೆ, ನಡೆಯಲು ಆಗುವವರಿಗೆ ಆಡಮ್ಸ್ ರಸ್ತೆಯೇ ಸಾಕು. ನೇಪರ್‌ವಿಲ್‌ನಂಥ ಹೊರವಲಯದ ಊರಿನವರು ಮೆಟ್ರಾ ರೈಲಿನಲ್ಲಿ ಯೂನಿಯನ್ ಸ್ಟೇಷನ್‌ಗೆ ಬಂದು, ಕಾರು, ಪಾರ್ಕಿಂಗ್ ತಲೆನೋವು ಇಲ್ಲದೆ, ನದಿ ದಾಟಿ ಪೂರ್ವಕ್ಕೆ ನಡೆದರೆ ಮೊದಲು ರೂಕರಿ. ಅಲ್ಲಿಂದ ಒಂದು ಬ್ಲಾಕ್ ದಕ್ಷಿಣಕ್ಕೆ ಬೋರ್ಡ್ ಆಫ್ ಟ್ರೇಡ್, ಜಾಕ್ಸನ್ ರಸ್ತೆಯಲ್ಲಿ ಎರಡು ಬ್ಲಾಕ್ ಪೂರ್ವಕ್ಕೆ ಮೊನಾಡ್ನಾಕ್, ಡಿಯರ್‌ಬಾರ್ನ್‌ನಲ್ಲಿ ಒಂದು ಬ್ಲಾಕ್ ವಾಪಸ್ ಬಂದರೆ ಮಾರ್ಕೆಟ್. ಅಲ್ಲಿಂದ ಆಡಮ್ಸ್ ಹಿಡಿದು ಮತ್ತೆ ಪೂರ್ವಕ್ಕೆ ಹೋದರೆ ಎದುರಿಗೆ ಆರ್ಟ್ ಇನ್‌ಸ್ಟಿಟ್ಯೂಟ್. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಮಾತಾಡಿದ್ದು ಈ ಕಟ್ಟಡದಲ್ಲೇ. ಅವರನ್ನು ಮೈಸೂರಿನಲ್ಲಿ ಅತಿಥಿಯಾಗಿ ಇಟ್ಟುಕೊಂಡು ಹುರಿದುಂಬಿಸಿದ ಚಾಮರಾಜ ಒಡೆಯರ ಮಾತು ಇಲ್ಲಿ ಬರಲೇಬೇಕು, ಅಪ್ಪನಿಗೆ ಇದರಷ್ಟು ಖುಷಿ ಕೊಡುವ ಜಾಗ ಇನ್ನೊಂದಿಲ್ಲ. ವಿವೇಕಾನಂದರು ಬಂದಾಗ ರೂಕರಿಯೂ ಆಡಿಟೋರಿಯಮ್ಮೂ ಮೊನಾಡ್ನಾಕ್‌ನ ಇಟ್ಟಿಗೆಯ ಅರ್ಧವೂ ಆಗಲೇ ನಿಂತಿದ್ದವು. ಮಾರ್ಕೆಟ್ ಮಾತ್ರ ಇನ್ನೂ ಇರಲಿಲ್ಲ.

ಮೊನಾಡ್ನಾಕ್ ಮತ್ತು ರೂಕರಿ ಎರಡರಲ್ಲಿ ಒಂದೇ ಅಂದರೆ? ಕಟ್ಟುವ ಕೆಲಸ ಗೊತ್ತಿದ್ದವರಿಗೆ ಮೊನಾಡ್ನಾಕ್, ಉಳಿದವರಿಗೆ ರೂಕರಿ. ನನಗೆ ಇಷ್ಟ ಅಂತ ಎಲ್ಲರನ್ನೂ ಮೊನಾಡ್ನಾಕ್‌ಗೆ ಎಳೆಯುವುದಿಲ್ಲ.

ದುಡ್ಡು ಖರ್ಚು ಮಾಡಲು ತಯಾರಿದ್ದು, ನಡೆಯಲು ಆಗದಿದ್ದರೆ ನದಿಯ ಮೇಲೆ ಹೋಗುತ್ತಾ ಕಟ್ಟಡಗಳನ್ನು ತೋರಿಸುವ ಆರ್ಕಿಟೆಕ್ಚರ್ ದೋಣಿ. ಕೂತಲ್ಲೇ ಕೂತು ರಿಗ್ಲಿ, ಟ್ರಿಬ್ಯೂನ್ ಇನ್ನೂ ಎಷ್ಟೋ ಕಾಣುತ್ತವೆ. ನಾಲ್ಕು ಜನರಿಗೆ ಇನ್ನೂರು ಡಾಲರ್ ಹತ್ತಿರ ಹೋಗುತ್ತದೆ, ನೆನಪಿರಲಿ. ರೂಕರಿ, ಮೊನಾಡ್ನಾಕ್, ಮಾರ್ಕೆಟ್ ಮೂರೂ ಅದರಲ್ಲಿ ಸಿಗುವುದಿಲ್ಲ, ಅವು ನದಿಯಿಂದ ಒಳಗಿವೆ. ಚಿಕ್ಕ ಮಕ್ಕಳಿದ್ದರೆ ದೋಣಿಯಲ್ಲಿ ವಿವರಣೆ ಕೇಳಿಸಿಕೊಳ್ಳಲು ಅವರು ಬಿಡುವುದೂ ಇಲ್ಲ, ಟ್ರಿಬ್ಯೂನ್ ಗೋಡೆಯ ಕಲ್ಲು ಹುಡುಕಾಟವೇ ಅವರಿಗೆ ಸರಿ, ಪುಕ್ಕಟೆ ಬೇರೆ.

ಭಾನುವಾರ ಮಾತ್ರ ಬಿಡುವು ಅನ್ನುವವರು ಆಡಮ್ಸ್ ರಸ್ತೆಯ ಆಸೆ ಬಿಡಿ. ಮಿಷಿಗನ್ ಅವೆನ್ಯೂ ಹಿಡಿದು ರಿಗ್ಲಿ, ಟ್ರಿಬ್ಯೂನ್, ಕಾರ್ಬೈಡ್ ಮೂರನ್ನೂ ಹೊರಗಿನಿಂದ ನೋಡಿ, ಮಿಲೇನಿಯಂ ಪಾರ್ಕ್ ಎದುರಿನ ಕಲ್ಚರಲ್ ಸೆಂಟರಿಗೆ ನುಗ್ಗಿ. 1897ರಲ್ಲಿ ಲೈಬ್ರರಿ ಅಂತ ಕಟ್ಟಿದ್ದು, ಎತ್ತರದ್ದಲ್ಲ, ಈ ಪಟ್ಟಿಗೆ ಸೇರುವುದೇ ಇಲ್ಲ. ಆದರೆ ಒಳಗೆ 38 ಅಡಿ ಅಗಲದ ಟಿಫನಿ ಗಾಜಿನ ಗುಮ್ಮಟ ಇದೆ, ಟಿಕೆಟ್ ಇಲ್ಲ, ಲಿಫ್ಟ್ ಇದೆ, ಕೂರಲು ಜಾಗ ಇದೆ, ಬಾತ್‌ರೂಮೂ ಇದೆ. ಜನವರಿಯ ಚಳಿಯಾದರೆ ಅಲ್ಲೇ ಅರ್ಧ ದಿನ ಕಳೆಯಬಹುದು. ರೂಕರಿ ನೋಡಲೇಬೇಕು ಅನ್ನುವವರು ಮಾತ್ರ ಆಫೀಸಿಗೆ ಒಂದು ದಿನ ರಜೆ ಹಾಕಿ, ಬೇರೆ ದಾರಿ ಇಲ್ಲ.